ಬಸುರಿ ತವರಿನಲ್ಲಿ, ಸಂದೇಶ ಗಂಡನ ಮೊಬೈಲಿನಲ್ಲಿ

ಚೊಚ್ಚಲ ಬಸುರಿಗೆ ಕುಬಸ ಮಾಡಿ, ಉಡಿ ತುಂಬಿ, ಹೆರಿಗೆಗೆಂದು ತವರಿಗೆ ಕರೆದೊಯ್ಯುವುದು ಉತ್ತರ ಕರ್ನಾಟಕದ ಮನೆಮನೆಯ ರೂಢಿ. ಆ ಹೊತ್ತಿಗಾಗಲೇ ಆಕೆಯ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕ ಸೇರಿರುತ್ತದೆ. ತಾಯಿ ಕಾರ್ಡು ಕೈಗೆ ಬಂದಿರುತ್ತದೆ. ಸರಕಾರದ ಗಣಕದಲ್ಲಿ ಆಕೆಗೊಂದು ಸಂಖ್ಯೆಯೂ ಬಿದ್ದಿರುತ್ತದೆ. ಆ ಸಂಖ್ಯೆಯ ಪಕ್ಕದಲ್ಲಿ ನಮೂದಾಗುವ ಮೊಬೈಲ್ ನಂಬರು ಮಾತ್ರ ಬಹಳಷ್ಟು ಸಲ ಗಂಡನದು, ಇಲ್ಲವೇ ಮೈದುನನದು. ಬಸುರಿ ತವರಿಗೆ ಹೋಗುತ್ತಾಳೆ, ಮೊಬೈಲು ಗಂಡನ ಕಿಸೆಯಲ್ಲಿಯೇ ಉಳಿಯುತ್ತದೆ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು, ತಲೆನೋವು ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ಹೇಳುವ ಧ್ವನಿಸಂದೇಶವು ಟ್ರ್ಯಾಕ್ಟರಿನ ಸದ್ದಿನ ನಡುವೆ ಗಂಡಸಿನ ಕಿವಿಗೆ ಬಿದ್ದು ಅರ್ಧಕ್ಕೇ ಕಡಿದುಹೋಗುತ್ತದೆ. ಯಾರಿಗೆ ಬೇಕಾಗಿತ್ತೋ ಅವಳಿಗೆ ಅದು ಮುಟ್ಟಲೇ ಇಲ್ಲ. ಗಣಕದ ಲೆಕ್ಕದಲ್ಲಿ ಮಾತ್ರ ಅದು ತಲುಪಿದ ಸಂದೇಶ.

ಬಡ ತಾಯಂದಿರ ಆರೋಗ್ಯ ಸುಧಾರಣೆಗೆ ಮೊಬೈಲ್ ತಂತ್ರಜ್ಞಾನವನ್ನು ಬಳಸಿಕೊಳ್ಳುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಹೊಸ ಆ್ಯಪ್ ಬಿಡುಗಡೆಯಾಗದ ವರ್ಷವಿಲ್ಲ. ಅದನ್ನು ಉದ್ಘಾಟಿಸದ ಮಂತ್ರಿಗಳಿಲ್ಲ. ಈ ಪ್ರಯತ್ನಗಳನ್ನು ಸಾರಾಸಗಟಾಗಿ ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಅವುಗಳಲ್ಲಿ ಕೆಲವು ನಿಜಕ್ಕೂ ಒಳಿತನ್ನು ಮಾಡಿವೆ. ಆದರೆ ಯಾವುದು ಒಳಿತನ್ನು ಮಾಡಿತು, ಯಾವುದು ಕೇವಲ ಲೆಕ್ಕವನ್ನು ಬೆಳೆಸಿತು ಎಂಬುದನ್ನು ಬೇರ್ಪಡಿಸಿ ನೋಡುವ ಕಾಲ ಬಂದಿದೆ. ಕಾರಣ, ಈ ಬಾಬತ್ತಿಗೆ ವ್ಯಯವಾಗುತ್ತಿರುವುದು ಹಣ ಮಾತ್ರವಲ್ಲ, ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಸಮಯವೂ ಹೌದು.

ನಮ್ಮ ರಾಜ್ಯದ ಸ್ಥಿತಿಯನ್ನು ಮೊದಲು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಒಂದು ತಲೆಮಾರಿನ ಹಿಂದೆ ಸೂಲಗಿತ್ತಿಯ ಕೈಯನ್ನೇ ನಂಬಿದ್ದ ನಾಡಿಗೆ ಇದು ಸಣ್ಣ ಸಾಧನೆಯಲ್ಲ. ಆದರೂ 2018-20ರ ಅವಧಿಯ ಅಧಿಕೃತ ಅಂಕಿಅಂಶಗಳಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಅಸುನೀಗಿದರು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ ಆ ಸಂಖ್ಯೆ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ ಕೇವಲ 19. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಆ ಬಳಿಕ ನಮ್ಮ ಸಂಖ್ಯೆ ಇಳಿದಿದೆ ಎಂಬುದು ನಿಜ. ನೆರೆಯವರಿಗೂ ನಮಗೂ ಇರುವ ಅಂತರದ ಪ್ರಶ್ನೆ ಮಾತ್ರ ಉಳಿದೇ ಇದೆ. ಗರ್ಭಿಣಿಯರಲ್ಲಿ ರಕ್ತಹೀನತೆ ಇದ್ದವರು ನೂರಕ್ಕೆ ಸುಮಾರು 46 ಮಂದಿ. ಹೀಗಿರುವಾಗ, ಆಸ್ಪತ್ರೆಗೆ ಬನ್ನಿ ಎಂದು ತಾಯಿಗೆ ನೆನಪಿಸುವುದರಿಂದ ಆಗಬೇಕಾದ ಕೆಲಸ ಬಹುಮಟ್ಟಿಗೆ ಆಗಿಹೋಗಿದೆ. ಅವಳು ಬರುತ್ತಿದ್ದಾಳೆ. ಅಪಾಯವು ಬರುವ ಮುನ್ನವೇ ಅದನ್ನು ಗುರುತಿಸುವವರು ಯಾರು, ಬಂದ ಮೇಲೆ ಅವಳಿಗೆ ಸಿಗುವ ಆರೈಕೆ ಎಂಥದು ಎಂಬುದೇ ಈಗಿನ ಪ್ರಶ್ನೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾಹಿತಿಯಿದೆ. ಕರ್ನಾಟಕದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿದ್ದವರು ನೂರಕ್ಕೆ ಸುಮಾರು 62. ಎಂದಾದರೂ ಅಂತರ್ಜಾಲವನ್ನು ಬಳಸಿದವರು ಸುಮಾರು 35. ಈ ಐದಾರು ವರ್ಷಗಳಲ್ಲಿ ಎರಡೂ ಏರಿರಲಿಕ್ಕೆ ಸಾಕು. ಆದರೆ ಸರಾಸರಿಯ ಒಳಗೆ ಅಡಗಿ ಕುಳಿತಿರುವ ಕೂಲಿಕಾರರ ಓಣಿಗಳನ್ನು, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳನ್ನು ನೆನೆದರೆ, ತಾಯಿಯೇ ಇಳಿಸಿಕೊಂಡು ಓದಬೇಕಾದ ಆ್ಯಪ್ ಯಾರನ್ನು ಮುಟ್ಟೀತು ಎಂಬುದು ಊಹೆಗೆ ನಿಲುಕದ ಸಂಗತಿಯೇನಲ್ಲ. ಅಗತ್ಯ ಕಡಿಮೆ ಇರುವವರನ್ನೇ ಅದು ಮೊದಲು ಮುಟ್ಟುತ್ತದೆ.

ಈ ಸತ್ಯವನ್ನು ಅರಿತವರು ಆ್ಯಪಿನ ಬದಲು ಧ್ವನಿಕರೆಯ ಹಾದಿ ಹಿಡಿದರು. ಮುಂಬಯಿಯ 'ಅರ್ಮಾನ್' ಎಂಬ ಸಂಸ್ಥೆ ನಡೆಸುವ 'ಎಂ-ಮಿತ್ರ' ಸೇವೆ ಅಂಥದು. ಸ್ತ್ರೀರೋಗ ತಜ್ಞೆ ಡಾ. ಅಪರ್ಣಾ ಹೆಗಡೆಯವರು 2008ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಕೊಳೆಗೇರಿಗಳ ಗರ್ಭಿಣಿಯರಿಗೆ ಅವರ ತಿಂಗಳಿಗೆ ತಕ್ಕ ಸಲಹೆಯನ್ನು ಅವರ ಭಾಷೆಯಲ್ಲಿ, ಅವರು ಹೇಳಿದ ಹೊತ್ತಿಗೆ ಕರೆ ಮಾಡಿ ಕೇಳಿಸುತ್ತದೆ. ಓದು ಬರಬೇಕಾಗಿಲ್ಲ, ಅಂತರ್ಜಾಲ ಬೇಕಾಗಿಲ್ಲ, ಬಟನ್ ಒತ್ತುವ ಹಳೆಯ ಫೋನು ಸಾಕು. ಕೇಂದ್ರ ಸರಕಾರವು 2016ರ ಜನವರಿಯಲ್ಲಿ ಆರಂಭಿಸಿದ 'ಕಿಲ್ಕಾರಿ'ಯೂ ಇದೇ ಬಗೆಯದು. ಬಿಹಾರದಲ್ಲಿ ಮೊದಲು ರೂಪುಗೊಂಡ ಈ ಸೇವೆಯಲ್ಲಿ ಗರ್ಭದ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಸಂದೇಶಗಳು ಬರುತ್ತವೆ. ಡಾಕ್ಟರ್ ಅನಿತಾ ಎಂಬ ಕಲ್ಪಿತ ವೈದ್ಯೆಯ ದನಿ ಅದರಲ್ಲಿದೆ. ಮನೆಯ ಹಿರಿಯಳೊಬ್ಬಳು ಪಕ್ಕದಲ್ಲಿ ಕುಳಿತು ಹೇಳಿದಂತಿರುವ ಮಾತಿನ ಧಾಟಿ ಅದರ ಹೆಚ್ಚುಗಾರಿಕೆ.

ಇದರ ಫಲವೇನು? ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 5 ಸಾವಿರ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕಿಲ್ಕಾರಿ ಕರೆಗಳನ್ನು ಕೇಳಿಸಿ ಸಂಶೋಧಕರು ಪರೀಕ್ಷಿಸಿದರು. ಕುಟುಂಬ ಯೋಜನೆಯ ತಾತ್ಕಾಲಿಕ ವಿಧಾನಗಳ ಬಳಕೆಯಲ್ಲಿ ಸ್ವಲ್ಪ ಏರಿಕೆ ಕಂಡುಬಂದಿತು. ಎದೆಹಾಲು ಉಣಿಸುವ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಶ್ಚರ್ಯಪಡಬೇಕಾದ್ದಿಲ್ಲ. ಹುಟ್ಟಿದ ಕೂಸಿಗೆ ಮೊದಲ ಗುಟುಕು ಏನು ಕೊಡಬೇಕೆಂಬುದನ್ನು ತೀರ್ಮಾನಿಸುವವಳು ಬಾಣಂತಿಯಲ್ಲ; ಅವಳ ಪಕ್ಕದಲ್ಲಿರುವ ಅತ್ತೆಯೋ ಅಜ್ಜಿಯೋ. ಕರೆ ಆ ಹಿರಿಯರಿಗೆ ಬರಲಿಲ್ಲವಷ್ಟೆ.

ಎಂ-ಮಿತ್ರದವರು ಎದುರಿಸಿದ ತೊಡಕು ಬೇರೆಯದು. ಮೊದಮೊದಲು ಆಸ್ಥೆಯಿಂದ ಕೇಳುತ್ತಿದ್ದ ತಾಯಂದಿರಲ್ಲಿ ಹಲವರು ಕ್ರಮೇಣ ಕೇಳುವುದನ್ನೇ ಬಿಟ್ಟರು. ಬಿಡುತ್ತಿರುವವರಿಗೆಲ್ಲ ಮನುಷ್ಯರೇ ಫೋನು ಮಾಡಿ ವಿಚಾರಿಸುವಷ್ಟು ಸಿಬ್ಬಂದಿ ಸಂಸ್ಥೆಯಲ್ಲಿರಲಿಲ್ಲ. ಆಗ ಗೂಗಲ್ ಸಂಶೋಧಕರ ನೆರವಿನಿಂದ, ಯಾರಿಗೆ ವಿಚಾರಿಸಿದರೆ ಅವರು ಮತ್ತೆ ಕೇಳತೊಡಗುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕುವ ಕೃತಕ ಬುದ್ಧಿಮತ್ತೆಯ ವಿಧಾನವೊಂದು ಸಿದ್ಧವಾಯಿತು. ಸುಮಾರು 23 ಸಾವಿರ ತಾಯಂದಿರ ನಡುವೆ ನಡೆದ ಪ್ರಯೋಗದಲ್ಲಿ, ಕೇಳುವುದನ್ನು ಬಿಡುವ ಪ್ರಮಾಣ ಸುಮಾರು ಪ್ರತಿಶತ 30ರಷ್ಟು ತಗ್ಗಿತು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಯಂತ್ರ ಮಾಡಿದ್ದು ಆಯ್ಕೆಯನ್ನು ಮಾತ್ರ. ತಾಯಿಯ ಮನಸ್ಸನ್ನು ಮರಳಿಸಿದ್ದು ಆ ಬಳಿಕ ಬಂದ ಮನುಷ್ಯರ ಕರೆ.

ಇನ್ನು ನಮ್ಮ ನೆಲದಲ್ಲಿಯೇ ನಡೆದ ಪ್ರಯೋಗಕ್ಕೆ ಬರೋಣ. ಅದರ ಬಗ್ಗೆ ಕನ್ನಡದಲ್ಲಿ ಚರ್ಚೆಯಾದದ್ದು ಕಡಿಮೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ, ಕೆ.ಎಲ್.ಇ. ಸಂಸ್ಥೆಯ ಬೆಳಗಾವಿ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು ಸೇರಿ 'ಕ್ಲಿಪ್' ಎಂಬ ಹೆಸರಿನಲ್ಲಿ ಈ ಅಧ್ಯಯನವನ್ನು ನಡೆಸಿದರು. ಇದೇ ಮಾದರಿ ಪಾಕಿಸ್ತಾನ ಮತ್ತು ಮೊಜಾಂಬಿಕ್‌ಗಳಲ್ಲಿಯೂ ನಡೆಯಿತು. ಗುರಿಯಾಗಿದ್ದುದು ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ, ವೈದ್ಯರು ಪ್ರಿ-ಎಕ್ಲಾಂಪ್ಸಿಯಾ ಎಂದೂ ಊರವರು ನಂಜು ಎಂದೂ ಕರೆಯುವ ಕಾಯಿಲೆ. ಮುಖ, ಕಾಲು ಬಾವು ಬರುವುದು, ತಲೆ ಸಿಡಿಯುವುದು, ಕಣ್ಣು ಮಂಜಾಗುವುದು ಅದರ ಸೂಚನೆಗಳು. ಬಿಟ್ಟರೆ ಸೆಳವು ಬಂದು ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಕೊಂಡೊಯ್ಯಬಲ್ಲದು.

ಈ ಪ್ರಯೋಗದಲ್ಲಿ ಆ್ಯಪ್ ಇದ್ದದ್ದು ತಾಯಿಯ ಕೈಯಲ್ಲಲ್ಲ, ಆಶಾ ಮತ್ತು ಎ.ಎನ್.ಎಂ. ಕಾರ್ಯಕರ್ತೆಯರ ಕೈಯಲ್ಲಿ. ಅವರು ಬಸುರಿಯ ಮನೆಗೆ ಹೋಗಿ, ಎಷ್ಟನೆಯ ತಿಂಗಳು, ಎಷ್ಟನೆಯ ಹೆರಿಗೆ, ತಲೆನೋವಿದೆಯೇ, ಎದೆನೋವು ಅಥವಾ ಉಬ್ಬಸವಿದೆಯೇ ಎಂದು ಕೇಳುತ್ತಿದ್ದರು, ರಕ್ತದೊತ್ತಡವನ್ನು ಅಳೆಯುತ್ತಿದ್ದರು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂಬುದನ್ನು ಬಣ್ಣ ಬದಲಾಗುವ ಪಟ್ಟಿಯಿಂದ ತಿಳಿಯುತ್ತಿದ್ದರು. ಉತ್ತರಗಳನ್ನು ತುಂಬಿದೊಡನೆ ಆ್ಯಪ್ ಅಪಾಯದ ಮಟ್ಟವನ್ನು ಲೆಕ್ಕಹಾಕಿ, ಮುಂದೇನು ಮಾಡಬೇಕೆಂದು ತಿಳಿಸುತ್ತಿತ್ತು: ರಕ್ತದೊತ್ತಡ ಇಳಿಸುವ ಮಾತ್ರೆಯೇ, ಸೆಳವು ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದೇ, ಎಷ್ಟು ಬೇಗ ಆಸ್ಪತ್ರೆಗೆ ಕಳುಹಿಸಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿಯೇ 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಇದರಲ್ಲಿ ಸೇರಿದ್ದರು.

ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ಆ್ಯಪ್ ಬಳಸಿದ ಪ್ರದೇಶಗಳಿಗೂ ಬಳಸದ ಪ್ರದೇಶಗಳಿಗೂ ತಾಯಿ-ಮಕ್ಕಳ ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಇಷ್ಟನ್ನೇ ಓದಿ ಪುಟ ಮಡಚಿದರೆ ಪ್ರಯೋಗ ವಿಫಲವೆನ್ನಬೇಕು. ಆದರೆ ಮೂರು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ಆ್ಯಪ್ ಹಿಡಿದ ಕಾರ್ಯಕರ್ತೆ ಎಂಟು ಅಥವಾ ಹೆಚ್ಚು ಬಾರಿ ಭೇಟಿಯಾದ ಗರ್ಭಿಣಿಯರಲ್ಲಿ, ಒಮ್ಮೆಯೂ ಭೇಟಿ ದೊರೆಯದವರಿಗೆ ಹೋಲಿಸಿದರೆ, ಹೊಟ್ಟೆಯಲ್ಲೇ ಮಗು ತೀರಿಹೋಗುವ ಪ್ರಸಂಗಗಳು ಬಹಳ ಕಡಿಮೆಯಾಗಿದ್ದವು. ಇದನ್ನು ಎಚ್ಚರದಿಂದ ಓದಬೇಕು. ದಿನ ತುಂಬುವವರೆಗೂ ಬಸಿರು ನಿಂತವರಿಗೇ ಹೆಚ್ಚು ಭೇಟಿ ದೊರೆಯುವುದು ಸಹಜವಾದ್ದರಿಂದ, ಪೂರ್ತಿ ಶ್ರೇಯಸ್ಸನ್ನು ಭೇಟಿಗಳಿಗೇ ಕೊಡಲಾಗದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯು 2016ರಿಂದ ಪ್ರತಿ ಗರ್ಭಿಣಿಗೆ ಕನಿಷ್ಠ ಎಂಟು ಭೇಟಿಗಳು ಆಗಬೇಕೆಂದು ಹೇಳುತ್ತ ಬಂದಿರುವುದಕ್ಕೆ ಇದು ಹೊಂದಿಕೊಳ್ಳುತ್ತದೆ. ನನ್ನ ಓದಿನಲ್ಲಿ ಈ ಪ್ರಯೋಗ ಹೇಳಿದ್ದಿಷ್ಟು: ಆ್ಯಪ್ ಚೆನ್ನಾಗಿಯೇ ಇತ್ತು, ಕಡಿಮೆ ಬಿದ್ದದ್ದು ಬಾಗಿಲು ತಟ್ಟುವ ಕೈಗಳು, ಜೊತೆಗೆ, ಕಳುಹಿಸಿದ ಬಸುರಿಯನ್ನು ಬರಮಾಡಿಕೊಳ್ಳುವ ಆಸ್ಪತ್ರೆಯನ್ನು ಯಾವ ಆ್ಯಪೂ ಸುಧಾರಿಸಲಾರದು.

ಗುಜರಾತಿನ ಝಗಡಿಯಾದಲ್ಲಿ ಸೇವಾ ರೂರಲ್ ಸಂಸ್ಥೆಯು ಆದಿವಾಸಿ ಪ್ರದೇಶಗಳಿಗಾಗಿ ರೂಪಿಸಿದ ಆ್ಯಪಿನ ಅನುಭವವೂ ಇದಕ್ಕೆ ಪುಷ್ಟಿ ಕೊಡುತ್ತದೆ. ಅಲ್ಲಿಯೂ ಫೋನು ಇದ್ದದ್ದು ಆಶಾ ಕೈಯಲ್ಲಿ. ಇಂದು ಯಾರ ಮನೆಗೆ ಹೋಗಬೇಕೆಂದು ಅದು ಹೇಳುತ್ತಿತ್ತು. ಆಕೆಗೆ ತೊಡಕಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದವರು ನೆರವಿಗೆ ಬರುತ್ತಿದ್ದರು. ಬಾಣಂತಿಯರ ಮನೆಭೇಟಿಗಳು ಹೆಚ್ಚಿದವು. ಮುಂದೆ ಆ ರಾಜ್ಯವೇ ಅದನ್ನು ಕೈಗೆತ್ತಿಕೊಂಡಿತು.

ಹಾಗಾದರೆ ನಮ್ಮಲ್ಲಿ ಬಾಗಿಲು ತಟ್ಟುವ ಕೈಗಳ ಸ್ಥಿತಿ ಹೇಗಿದೆ? 2025ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತದ್ದನ್ನು ನಾವೆಲ್ಲ ಕಂಡಿದ್ದೇವೆ. ಕೊನೆಗೆ ಮುಖ್ಯಮಂತ್ರಿಗಳು ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಖಚಿತಪಡಿಸುವ ಭರವಸೆ ಕೊಟ್ಟ ಬಳಿಕ ಅವರು ಎದ್ದರು. ಅವರ ಬೇಡಿಕೆಗಳಲ್ಲಿ ಪತ್ರಿಕೆಗಳು ಅಷ್ಟಾಗಿ ಎತ್ತಿ ತೋರಿಸದ ಒಂದಿತ್ತು. ಪ್ರೋತ್ಸಾಹಧನವನ್ನು ಆರ್.ಸಿ.ಎಚ್. ಪೋರ್ಟಲ್‌ಗೆ ಜೋಡಿಸಿರುವುದನ್ನು ಕೈಬಿಡಬೇಕು ಎಂಬುದೇ ಅದು. ಆಶಾ ಮನೆಮನೆ ಸುತ್ತಿ ಕೆಲಸ ಮಾಡಿರುತ್ತಾಳೆ. ಪೋರ್ಟಲ್‌ನಲ್ಲಿ ಅದನ್ನು ಬೇರೊಬ್ಬರು ತುಂಬಬೇಕು. ಅವರು ತುಂಬದಿದ್ದರೆ, ತಪ್ಪು ತುಂಬಿದರೆ, ಸರ್ವರ್ ಕೈಕೊಟ್ಟರೆ, ಆ ಕೆಲಸ ನಡೆದೇ ಇಲ್ಲವೆಂದು ಗಣಕ ತೀರ್ಮಾನಿಸುತ್ತದೆ, ಹಣ ಕಡಿತವಾಗುತ್ತದೆ. ಇದೇ ಆಶಾ ಪಡೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಗೌರವ ಸಲ್ಲಿಸಿತ್ತು. ಸನ್ಮಾನ ಬಂದದ್ದು ಅವರು ನಡೆದ ಹೆಜ್ಜೆಗಳಿಗೆ. ಸಂಬಳ ನಿಂತಿರುವುದು ಇನ್ನೊಬ್ಬರು ಒತ್ತುವ ಕೀಲಿಗಳ ಮೇಲೆ.

ಅಂಗನವಾಡಿಯ ಕಥೆ ಇದಕ್ಕಿಂತ ಕಠಿಣ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ, 2025ರ ಜುಲೈ 1ರಿಂದ ಗರ್ಭಿಣಿ ಮತ್ತು ಬಾಣಂತಿಯರ ಮುಖವನ್ನು ಗುರುತಿಸಿದ ಬಳಿಕವೇ ಮನೆಗೊಯ್ಯುವ ಆಹಾರ ಕೊಡಬೇಕೆಂಬ ನಿಯಮ ಕಡ್ಡಾಯವಾಯಿತು. ಮೊದಲ ಸಲ ನೋಂದಾಯಿಸುವಾಗ ಆಧಾರ್ ಜೋಡಿಸಿದ ನಂಬರಿಗೆ ಒ.ಟಿ.ಪಿ. ಬರುತ್ತದೆ. ಆ ನಂಬರು ಗಂಡನದಾಗಿದ್ದು, ಗಂಡ ಗೋವೆಗೋ ಪುಣೆಗೋ ದುಡಿಯಲು ಹೋಗಿದ್ದರೆ, ಬಸುರಿ ಅಂಗನವಾಡಿಯ ಕಟ್ಟೆಯ ಮೇಲೆ ಕುಳಿತು ಅವನು ಫೋನು ಎತ್ತುವುದನ್ನೇ ಕಾಯಬೇಕು. ಪಡಿತರ ಸೋರಿಕೆಯನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಊರಿನ ಪ್ರತಿಯೊಂದು ಮನೆಯ ಸೊಸೆಯನ್ನೂ ಹೆಸರು ಹಿಡಿದು ಕರೆಯಬಲ್ಲ ಕಾರ್ಯಕರ್ತೆಯ ಕಣ್ಣನ್ನು ನಂಬದೆ, ಸಿಗ್ನಲ್ ಇಲ್ಲದ ಊರಿನಲ್ಲಿ ಕ್ಯಾಮೆರಾದ ಕಣ್ಣನ್ನು ನಂಬುವುದು ಯಾವ ನ್ಯಾಯ? 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ಆರಂಭಿಸಿದ ರಾಜ್ಯ ನಮ್ಮದು. ಬಸುರಿಗೆ ಬಿಸಿಯೂಟ ಬಡಿಸಲು ಆಗ ಯಾವ ಮುಖಪರೀಕ್ಷೆಯೂ ಬೇಕಾಗಿರಲಿಲ್ಲ. ಹಸಿದವಳಿಗೆ ಅನ್ನ ಕೊಡುವ ಮುನ್ನ ಅವಳು ತಾನೇ ಎಂದು ಸಾಬೀತುಪಡಿಸುವ ಹೊಣೆಯನ್ನು ಅವಳ ಮೇಲೆಯೇ ಹೊರಿಸುವ ಈ ಕ್ರಮವನ್ನು ಕೈಬಿಡುವುದೇ ಲೇಸು.

ತಾಯಂದಿರ ಆರೋಗ್ಯದ ಹೆಸರಿನಲ್ಲಿ ಮಾರುಕಟ್ಟೆಯಲ್ಲಿರುವ ಖಾಸಗಿ ಆ್ಯಪುಗಳ ಬಗ್ಗೆಯೂ ಒಂದು ಮಾತು. ಉಚಿತವೆನ್ನುವ ಇಂಥವುಗಳಲ್ಲಿ ಹಲವು ಜಾಹೀರಾತಿನಿಂದ ಬದುಕುತ್ತವೆ. ಹಾಲಿನ ಪುಡಿಯನ್ನು ಎದೆಹಾಲಿಗೆ ಬದಲಿಯೆಂದು ಪ್ರಚಾರ ಮಾಡುವುದನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ. ಆದರೂ ಆ್ಯಪು ಇಳಿಸಿಕೊಂಡ ಮನೆಯವರು ಅದರಲ್ಲಿ ಏನು ತೋರಿಸುತ್ತಿದ್ದಾರೆ ಎಂಬುದನ್ನು ಒಮ್ಮೆ ತಾವೇ ನೋಡುವುದು ಒಳಿತು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡ ಸುದ್ದಿಯನ್ನು ಈ ನಾಡು ಇನ್ನೂ ಮರೆತಿಲ್ಲ. ಅವರಿಗೆ ಕೊಟ್ಟ ಗ್ಲೂಕೋಸ್ ಮಾದರಿಯ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ಅವರೆಲ್ಲ ಸರಕಾರ ಹೇಳಿದಂತೆಯೇ ನಡೆದುಕೊಂಡು, ಹೆರಿಗೆಗೆ ಆಸ್ಪತ್ರೆಗೇ ಬಂದಿದ್ದವರು. ಅವರಿಗೆ ಎಷ್ಟು ಸಂದೇಶಗಳನ್ನು ಕಳುಹಿಸಿದ್ದರೂ ಬಾಟಲಿಯೊಳಗೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಆ ಬಳಿಕ ಸರಕಾರವು 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲನೆಗೆ ಒಳಪಡಿಸಿತು. ಪ್ರತಿಶತ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತೆಂದು ಆ ವರದಿ ಹೇಳಿತು. ಗಣಕದ ಶಕ್ತಿಯನ್ನು ತಾಯಿಯ ಮುಖ ಗುರುತಿಸಲು ಬಳಸುವ ಬದಲು ಔಷಧದ ಪ್ರತಿಯೊಂದು ಕಂತು ಯಾವ ಆಸ್ಪತ್ರೆಗೆ ಹೋಯಿತು, ರಕ್ತನಿಧಿಯಲ್ಲಿ ಇಂದು ಯಾವ ಗುಂಪಿನ ರಕ್ತವಿದೆ, ತಾಲೂಕು ಆಸ್ಪತ್ರೆಯಲ್ಲಿ ಈ ರಾತ್ರಿ ಅರಿವಳಿಕೆ ತಜ್ಞರು ಇದ್ದಾರೆಯೇ ಎಂಬುದನ್ನು ಬಹಿರಂಗವಾಗಿ ತೋರಿಸಲು ಬಳಸಿದರೆ ಹೇಗಿದ್ದೀತು? ನಿಗಾ ಇಡಬೇಕಾದದ್ದು ಬಸುರಿಯ ಮೇಲಲ್ಲ, ವ್ಯವಸ್ಥೆಯ ಮೇಲೆ. ಅಂಥ ಆ್ಯಪನ್ನು ಉದ್ಘಾಟಿಸಲು ಯಾರೂ ಅವಸರ ತೋರುತ್ತಿಲ್ಲ.

ಸರಕಾರದಿಂದ ಆಗಬೇಕಾದದ್ದು ಆಗುವವರೆಗೆ ಮನೆಯವರು ಮಾಡಿಕೊಳ್ಳಬಹುದಾದ ಕೆಲವು ಸಂಗತಿಗಳಿವೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿರುತ್ತದೆ. ಅಂದು ರಕ್ತದೊತ್ತಡವನ್ನು ಅಳೆಯಿಸದೆ, ಮೂತ್ರ ಪರೀಕ್ಷೆ ಮಾಡಿಸದೆ ಹಿಂದಿರುಗಬಾರದು. ಬಸುರಿಯ ಫೋನಿಗೆ ಬರುವ ಸಂದೇಶವನ್ನು ಅತ್ತೆ ಮತ್ತು ತಾಯಿ ಕೂಡ ಕುಳಿತು ಕೇಳಬೇಕು. ಮಠಗಳ ಶಿವಾನುಭವ ಗೋಷ್ಠಿಗಳಿಗೆ ತಪ್ಪದೆ ಬರುವ ಹಿರಿಯ ತಾಯಂದಿರಿಗೆ ಈ ಮಾತನ್ನು ಮುಟ್ಟಿಸುವುದು ಕಷ್ಟದ ಕೆಲಸವಲ್ಲ. ಇನ್ನು ಕುಬಸ ಮುಗಿಸಿ ತವರಿಗೆ ಹೊರಡುವ ದಿನ, ತಾಯಿ ಕಾರ್ಡನ್ನು ಉಡಿಯ ಅಕ್ಕಿಯಷ್ಟೇ ಜೋಪಾನವಾಗಿ ಜೊತೆಗೆ ಒಯ್ಯಬೇಕು. ಅದರಲ್ಲಿ ಗಂಡನ ನಂಬರಿನ ಕೆಳಗೆ, ಹೆರಿಗೆಯವರೆಗೂ ಅವಳ ಪಕ್ಕದಲ್ಲಿರುವವರ ನಂಬರನ್ನು ಬರೆಸಿ, ಬಸ್ಸು ಇಳಿದ ಮಾರನೆಯ ದಿನವೇ ತವರೂರಿನ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸಿ ತೋರಿಸಬೇಕು.